ಜಾಮೂನು ಹೇಳಿದ್ದು

ನಾಯಿ ಮಾತಾಡಿದ ದಿನ ಉಷಾ ಅಡುಗೆಮನೆಯಲ್ಲಿ ಕೋಳಿಕಾಲಿನ ಸೂಪು ಸೋಸುತ್ತಿದ್ದಳು. ಅವಳು ಜನ್ಮದಲ್ಲಿ ಮೊಟ್ಟೆಯನ್ನೂ ಮುಟ್ಟಿದವಳಲ್ಲ. ಆದರೆ ಮನೆಯ ನಾಯಿ ಜಾಮೂನಿನ ಮೂಳೆಗೆ ಈ ಸೂಪು ಒಳ್ಳೆಯದೆಂದು ಕಳೆದ ವರ್ಷ ತಮ್ಮನ ಹೆಂಡತಿ ಮಾನಸ ಎಲ್ಲೋ ಓದಿದ ಮೇಲೆ, ಮೂಗಿಗೆ ಸೆರಗು ಒತ್ತಿಕೊಂಡು ಬೇಯಿಸುವುದನ್ನು ಕಲಿತಿದ್ದಳು. ಬೇಯಿಸಿ, ಮನೆಯನ್ನೆಲ್ಲ ಒರೆಸಿ, ಆಮೇಲೆ ಸ್ನಾನ ಮಾಡುತ್ತಿದ್ದಳು.

ಜಾಮೂನು ಕಂದು ಬಣ್ಣದ ಲ್ಯಾಬ್ರಡಾರ್. ಕೆಲವು ತಿಂಗಳಿಂದ ಅದು ತನ್ನ ಪಾದಗಳನ್ನು ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಂಡಿತ್ತು. ಹೊಟ್ಟೆಯ ಕೆಳಗೆ ಕೂದಲು ಉದುರಿ ಕೆಂಪಾಗಿತ್ತು. ಉಷಾಳ ತಮ್ಮ ರವಿಕಿರಣ್ ಒಬ್ಬನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಏನೋ ಅಲರ್ಜಿಯಂತೆ ಎಂದು ಮಾತ್ರೆ ತಂದಿದ್ದ. ಮಾತ್ರೆ ತಿಂದ ನಾಯಿ ಸೋಫಾದ ಮೇಲೆಲ್ಲ ಉಚ್ಚೆ ಹೊಯ್ದಿತು. ಮಾನಸ ಮಾತ್ರೆ ನಿಲ್ಲಿಸಿದಳು. ಅರಿಸಿನ ಕಲಸಿದ ಕೊಬ್ಬರಿ ಎಣ್ಣೆ, ಹೋಮಿಯೋಪತಿ ಹನಿ, ಯಾವುದೋ ಹೂವಿನ ಸಾರ, ಕೊರಳಿಗೊಂದು ಹಸಿರು ಕಲ್ಲು, ಹೀಗೆ ಒಂದರ ಹಿಂದೆ ಒಂದು ಬಂದವು. ಯಾವುದೂ ಹಿಡಿಯಲಿಲ್ಲ. ಕಡೆಗೆ ಪ್ರಾಣಿಗಳೊಡನೆ ಮಾತಾಡುವ ವಂದನಾ ಬಂದಳು. ಬಂದಳು ಎಂದರೆ ತಪ್ಪಾದೀತು, ಕೋಡಂಬಾಕ್ಕಂನಿಂದ ಫೋನಿನಲ್ಲಿ ಅವಳ ಧ್ವನಿ ಬಂತು. ನಾಯಿಯ ಫೋಟೋ ಕಳಿಸಿದರೆ ಸಾಕು, ಕಣ್ಣು ಮುಚ್ಚಿ, ಅದು ಏನು ಹೇಳುತ್ತಿದೆ ಎಂದು ಕೇಳಿ ತಿಳಿಸುತ್ತಿದ್ದಳು.

ವಂದನಾ ಮೋಸಗಾತಿ ಎಂದು ಹೇಳಲು ಬರುವುದಿಲ್ಲ. ನಂಬಿಯೇ ಹೇಳುತ್ತಿದ್ದಳೋ ಏನೋ. ಹಿಂದಿನ ದಿನ ಅವಳು, ಮನೆಯಲ್ಲಿ ಯಾರ್ಯಾರು ಇದ್ದೀರಿ ಎಂದಷ್ಟೇ ಕೇಳಿದ್ದಳು. ಮಾನಸ ಕೋಣೆಯ ಬಾಗಿಲು ಮುಚ್ಚಿಕೊಂಡು ಬಹಳ ಹೊತ್ತು ಉತ್ತರ ಹೇಳಿದ್ದಳು.

“ನಿಮ್ಮ ಕುಳಂದೆ, ಈ ಮಗು, ತುಂಬ ಪ್ರೀತಿಯವನು ಮಾ,” ಊಟದ ಮೇಜಿನ ಮೇಲಿದ್ದ ಫೋನಿನಿಂದ ವಂದನಾಳ ಧ್ವನಿ ಮೂವರಿಗೂ ಕೇಳಿಸಿತು. ಅವಳದು ಮೂರು ತಲೆಮಾರಿನಿಂದ ಚೆನ್ನೈಯಲ್ಲಿರುವ ಮನೆತನ, ಕನ್ನಡಕ್ಕೆ ತಮಿಳು ಅಂಟಿತ್ತು. “ಆದ್ರೆ ಅವನಿಗೆ ರೊಂಬ ಭಾರ ಇದೆ. ಅದು ಅವನದಲ್ಲ. ಹಾಲ್‌ನಲ್ಲಿ ಮಲಗೋರು ಒಬ್ರು ಇದಾರಲ್ಲ, ಅವರ ದುಃಖ ಎಲ್ಲ ಅವನೇ ಹೊರ್ತಿದಾನೆ. ಇನ್ನು ನನ್ನ ಕೈಲಿ ಆಗಲ್ಲ ಅಂತಾನೆ.”

ಹಾಲಿನಲ್ಲಿ ಮಲಗುವವಳು ಉಷಾ ಒಬ್ಬಳೇ. ಮೈಲಾಪೂರಿನ ಆ ಫ್ಲಾಟಿನಲ್ಲಿ ಇದ್ದದ್ದು ಎರಡು ಕೋಣೆ. ಒಂದು ಗಂಡ ಹೆಂಡಿರದು, ಇನ್ನೊಂದು ಮಾನಸಳ ಆಫೀಸು ಕೆಲಸದ್ದು.

ಉಷಾ ನಕ್ಕುಬಿಟ್ಟಳು. “ಅವನಿಗೆ ಬರೋದು ಕನ್ನಡ ಒಂದೇ ಕಣೇ ಮಾನಸ, ಅದೂ ನಾನು ಕಲಿಸಿರೋದು. ಈಯಮ್ಮನ ಹತ್ರ ಯಾವ ಭಾಷೇಲಿ ದೂರು ಹೇಳ್ದ?”

“ಅಕ್ಕಾ, ತಮಾಷೆ ಮಾಡಬೇಡಿ. ಇದು ಭಾಷೆ ಅಲ್ಲ, ಎನರ್ಜಿ.”

“ಅವರು ಒಳ್ಳೆಯವರೇ ಅಂತಾನೆ ಮಾ,” ವಂದನಾ ಮುಂದುವರಿಸಿದಳು. “ದೂರ ಇದ್ರೆ ಸಾಕು ಅಂತಾನೆ.”

ಹಾಗೆ ಹೇಳಿದನೆಂಬ ಜಾಮೂನು ಉಷಾಳ ಪಾದದ ಮೇಲೆ ತಲೆಯಿಟ್ಟು ನಿದ್ದೆಹೋಗಿತ್ತು.

ಗಂಡ ತೀರಿಕೊಂಡ ಮೇಲೆ ಉಷಾ ಮಂಡ್ಯದ ಬಾಡಿಗೆ ಮನೆ ಬಿಟ್ಟು ತಮ್ಮನ ಜೊತೆ ಬಂದವಳು. ಮಕ್ಕಳಿಲ್ಲ. ಈ ಹಾಲ್ ಬಿಟ್ಟರೆ ತನ್ನದೆನ್ನುವ ಜಾಗ ಇನ್ನೆಲ್ಲೂ ಇರಲಿಲ್ಲ. ಅವಳು ತಮ್ಮನ ಮುಖ ನೋಡಿದಳು.

“ಸ್ವಲ್ಪ ದಿನ ಅಕ್ಕ,” ಎಂದ ರವಿಕಿರಣ್. “ಇವನು ಹುಷಾರಾಗೋವರೆಗೆ.”

“ನಿಮ್ಮನ್ನ ನಾವು ಹೋಗಿ ಅಂತಿಲ್ಲ ಅಕ್ಕಾ,” ಎಂದಳು ಮಾನಸ. “ಅವನು ಕೇಳ್ಕೋತಿದಾನೆ ಅಷ್ಟೆ.”

ರವಿಕಿರಣ್ ಆಫೀಸು ಬ್ಯಾಗಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟ. ತಿರುವೊಟ್ಟಿಯೂರಿನಲ್ಲಿ ಗೋದಾಬಾಯಿ ಅಂತ, ಗುರುತಿನವರು, ಅವರ ಮನೆ ಮಹಡಿಯಲ್ಲಿ ಒಂದು ಕೋಣೆ, ಕಡಲ ಗಾಳಿ ಚೆನ್ನಾಗಿ ಬರುತ್ತದೆ ಎಂದ. ನಾಯಿ ಮಾತಾಡಿ ಮುಗಿಸಿದ್ದು ಈಗಷ್ಟೇ, ಸೂಪು ಇನ್ನೂ ಆರಿರಲಿಲ್ಲ. ಆ ಕೀ ಯಾವಾಗಿನಿಂದ ಅವನ ಬ್ಯಾಗಿನಲ್ಲಿತ್ತು ಎಂದು ಕೇಳಲು ಉಷಾಗೆ ತೋಚಲಿಲ್ಲ.

“ಹುಷಾರಾದ ಮೇಲೆ ಬರಬಹುದು ತಾನೇ?”

“ಇನ್ನೇನು ಮತ್ತೆ. ಇದು ನಿನ್ನ ಮನೇನೇ ಅಲ್ವಾ.”

ತಿರುವೊಟ್ಟಿಯೂರಿನ ಕೋಣೆಗೆ ಕಡಲ ಗಾಳಿಯ ಜೊತೆ ಮೀನಿನ ವಾಸನೆ, ಕಾರ್ಖಾನೆಯ ಹೊಗೆ ಎಲ್ಲ ಬರುತ್ತಿತ್ತು. ಉಷಾ ದಿನಾ ದೇವಸ್ಥಾನಕ್ಕೆ ಹೋಗಿ, ಜಾಮೂನು ಬೇಗ ಹುಷಾರಾಗಲಿ ಎಂದು ಬೇಡಿಕೊಂಡಳು. ಒಂದು ದಿನ ಕೈಮುಗಿದು ನಿಂತಿದ್ದಾಗಲೇ, ಅದು ಹುಷಾರಾದರೆ ತಾನೇ ರೋಗವಾಗಿದ್ದೆ ಎಂದಾಗುತ್ತದಲ್ಲ ಎಂದು ಹೊಳೆಯಿತು. ಬೇಡಿಕೆಯನ್ನು ಅರ್ಧಕ್ಕೇ ನಿಲ್ಲಿಸಿದಳು. ನಿಲ್ಲಿಸಿದ್ದಕ್ಕೆ ನಾಚಿಕೆಯಾಗಿ ಮತ್ತೆ ಪೂರ್ತಿ ಮಾಡಿದಳು.

ಜಾಮೂನು ಹುಷಾರಾಯಿತು. ಮಾನಸ ಫೋಟೋ ಕಳಿಸಿದಳು. ಪಾದದ ಹುಣ್ಣು ಒಣಗಿತ್ತು, ಹೊಟ್ಟೆಯ ಕೆಳಗೆ ಹೊಸ ಕೂದಲು. ಜೊತೆಗೆ ಅವಳ ಧ್ವನಿಯೂ ಇತ್ತು: “ನೋಡಿದ್ರಾ ಅಕ್ಕಾ? ವಂದನಾ ಹೇಳಿದ್ದು ಎಷ್ಟು ಕರೆಕ್ಟು! ಬೇಜಾರು ಮಾಡ್ಕೋಬೇಡಿ ಮತ್ತೆ.”

ಉಷಾ ಅದನ್ನು ಮತ್ತೆ ಮತ್ತೆ ಕೇಳಿದಳು. ನಗು ಬರಲಿಲ್ಲ. ಕಾಯಿಲೆಯಲ್ಲಿ ಸೊರಗಿದ್ದ ಗಂಡನ ನೆನಪಾಯಿತು. ಅವನ ಪಕ್ಕದಲ್ಲೂ ಕೂತಿದ್ದವಳು ತಾನೇ. ಕೆಳಗೆ ಗೋದಾಬಾಯಿಯ ಮೊಮ್ಮಗುವನ್ನು ಎತ್ತಿಕೊಳ್ಳಲು ಚಾಚಿದ ಕೈಯನ್ನು ಅಂದು ಹಿಂದಕ್ಕೆ ತೆಗೆದುಕೊಂಡಳು.

ಆ ಕೈಯೇ ಅವಳಿಗೆ ದಾರಿ ತೋರಿಸಿತು. ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡುತ್ತಿದ್ದಾಗ ಬೆರಳು ಉರಿಯಲಿಲ್ಲ. ಮೈಲಾಪೂರಿನಲ್ಲಿ ಹಣ್ಣು ಮುಟ್ಟಿದರೆ ಸಾಕು, ಚುರ್ ಎನ್ನುತ್ತಿತ್ತು. ಬೆರಳ ಸಂದಿಯ ಚರ್ಮ ಸಿಪ್ಪೆ ಎದ್ದು ಬಿರಿದಿರುತ್ತಿತ್ತು. ವಯಸ್ಸಾಯಿತಲ್ಲ, ಅದಕ್ಕೇ ಎಂದುಕೊಂಡಿದ್ದಳು. ಈಗ ಚರ್ಮ ನಯವಾಗಿತ್ತು. ಹಾಗಾದರೆ ಅಲ್ಲಿದ್ದು ಇಲ್ಲಿಲ್ಲದ್ದು ಏನು? ಫಿನೈಲು. ಗೋದಾಬಾಯಿ ನೆಲ ಒರೆಸುವುದು ಬರೀ ನೀರಿನಲ್ಲಿ. ಅಲ್ಲಿ ಉಷಾ ಕೋಳಿಯ ವಾಸನೆ ಹೋಗಲೆಂದು ದಿನಕ್ಕೆರಡು ಸಲ ಫಿನೈಲು ಧಾರಾಳವಾಗಿ ಸುರಿದು ಒರೆಸುತ್ತಿದ್ದಳು. ಒದ್ದೆ ಆರುವ ಮೊದಲೇ ಜಾಮೂನು ಬಂದು, ತಂಪಾಗಿದೆಯೆಂದು, ಹೊಟ್ಟೆ ಕೊಟ್ಟು ಮಲಗುತ್ತಿತ್ತು. ಆಮೇಲೆ ಪಾದ ನೆಕ್ಕುತ್ತಿತ್ತು.

ಅಯ್ಯೋ, ಇಷ್ಟೇನಾ! ತಪ್ಪು ತನ್ನದೇ, ಆದರೆ ತಿದ್ದಬಹುದಾದ ತಪ್ಪು. ತಾನು ರೋಗವಲ್ಲ. ಅವಳು ಹಿಂಡಿದ ನಿಂಬೆಹಣ್ಣನ್ನು ಹಾಗೇ ಬಿಟ್ಟು, ಸೀರೆ ಬದಲಿಸಿ ಬಸ್ಸು ಹತ್ತಿದಳು.

ಬಾಗಿಲು ತೆರೆದದ್ದೇ ಜಾಮೂನು ಮೈಮೇಲೆ ಎಗರಿ, ಕುಂಯ್‌ಗುಟ್ಟುತ್ತಾ ಅವಳ ಮುಖವನ್ನೆಲ್ಲ ನೆಕ್ಕಿತು. ಉಷಾ ನೆಲ ನೋಡಿದಳು. ಧೂಳಿನ ಮೇಲೆ ನಾಯಿಯ ಹೆಜ್ಜೆಗಳು ಎದ್ದು ಕಾಣುತ್ತಿದ್ದವು.

“ನಾನು ಹೋದ ಮೇಲೆ ನೆಲ ಒರೆಸಿಲ್ಲ ಅಲ್ವಾ ಮಾನಸ?”

“ಬಂದ ತಕ್ಷಣ ಶುರುನಾ ಅಕ್ಕಾ? ನನಗೆ ಸಾಯೋಕೂ ಟೈಮಿಲ್ಲ.”

“ಬೈತಿಲ್ಲ ಕಣೇ, ಖುಷಿಯಾಗಿ ಹೇಳ್ತಿದೀನಿ!” ಉಷಾ ಒಂದೇ ಉಸಿರಿನಲ್ಲಿ ಫಿನೈಲಿನ ವಿಷಯ ಹೇಳಿ, ಎರಡೂ ಕೈ ಚಾಚಿ ಬೆರಳು ತೋರಿಸಿದಳು. “ಇನ್ಮೇಲೆ ಬರೀ ನೀರು. ಒಂದು ತೊಟ್ಟು ಫಿನೈಲು ಮುಟ್ಟಲ್ಲ.”

ಮಾನಸ ಪೂರ್ತಿ ಕೇಳಿಸಿಕೊಂಡಳು. “ಅಂದ್ರೆ ನಿಮ್ಮಿಂದ್ಲೇ ಆಗಿದ್ದು ಅಂತ ಈಗ ನೀವೇ ಒಪ್ಕೊಂಡ್ರಿ.”

“ನನ್ನಿಂದ ಅಲ್ಲಮ್ಮ, ಫಿನೈಲಿಂದ.”

“ಸುರಿದಿದ್ದು ಯಾರು? ವಂದನಾ ಹೇಳಿದ್ದೂ ಅದೇ ತಾನೇ? ನಿಮ್ಮ ಹೆಸರು ಹೇಳಿದ್ರು, ಫಿನೈಲಿನ ಹೆಸರು ಹೇಳಲಿಲ್ಲ, ಅಷ್ಟೇ ವ್ಯತ್ಯಾಸ.” ಮಾನಸ ಜಾಮೂನಿನ ಕೊರಳಪಟ್ಟಿ ಹಿಡಿದೆಳೆದಳು. “ಬಾರೋ. ಸಾಕು ನೆಕ್ಕಿದ್ದು, ಮತ್ತೆ ಹತ್ತಿಸ್ಕೊಂಡೀಯ.” ಕೋಣೆಯ ಬಾಗಿಲು ಮುಚ್ಚಿತು. ಒಳಗಿನಿಂದ ನಾಯಿ ಬಾಗಿಲು ಕೆರೆಯತೊಡಗಿತು.

ರವಿಕಿರಣ್ ಅಕ್ಕನನ್ನು ರಸ್ತೆಯವರೆಗೆ ಬಿಡಲು ಬಂದ. ಮೆಟ್ಟಿಲಿಳಿಯುವಾಗ ಅವಳ ಚೀಲ ತಾನೇ ಹಿಡಿದುಕೊಂಡ.

“ನೀನಾದ್ರೂ ಹೇಳೋ ಅವಳಿಗೆ. ಫಿನೈಲೇ ಕಣೋ.”

“ಗೊತ್ತು ಅಕ್ಕ,” ಎಂದ ಅವನು. “ಡಾಕ್ಟರು ಮೊದಲ ದಿನವೇ ಕೇಳಿದ್ರು, ನೆಲಕ್ಕೆ ಏನು ಹಾಕ್ತೀರಿ ಅಂತ. ಅದನ್ನ ನಿಲ್ಲಿಸಿ ನೋಡಿ ಅಂದ್ರು.”

ಉಷಾ ನಿಂತಳು. “ಮತ್ತೆ ನನಗೆ ಯಾಕೋ ಹೇಳಲಿಲ್ಲ? ಅಷ್ಟು ತಿಂಗಳು ಅವನು ಕಾಲು ಕಚ್ಕೋತಿದ್ನಲ್ಲೋ.”

“ಹೇಳಿದ್ರೆ ನೀನು ಅವತ್ತೇ ಫಿನೈಲು ಬಿಡ್ತಿದ್ದೆ. ಅವನೂ ಹುಷಾರಾಗ್ತಿದ್ದ. ಆಮೇಲೆ ನಿನಗೆ ಹೋಗು ಅಂತ ನಾನೇ ಹೇಳಬೇಕಾಗ್ತಿತ್ತು.” ಅವನು ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡ. “ಮಾನಸ ಮದುವೆಯಾದ ವರ್ಷದಿಂದ ಕೇಳ್ತಿದ್ಲು. ನನ್ನ ಬಾಯಲ್ಲಿ ಅದು ಬರಲ್ಲ ಅಕ್ಕ. ನಿನ್ನ ಮೇಲೆ ಅಷ್ಟು ಜೀವ ನನಗೆ, ನಿನಗೇ ಗೊತ್ತಲ್ಲ.”

ಅವನು ಕಣ್ಣೊರೆಸಿಕೊಂಡು ಆಟೋ ನಿಲ್ಲಿಸಿದ, ತಿರುವೊಟ್ಟಿಯೂರು ಎಂದು ಹೇಳಿದ. ಅಕ್ಕ ಕೂತ ಮೇಲೆ, ಹೊರಗೆ ಇಳಿಬಿದ್ದಿದ್ದ ಅವಳ ಸೀರೆಯ ಅಂಚನ್ನು ಎತ್ತಿ, ಚಕ್ರಕ್ಕೆ ಸಿಕ್ಕದಂತೆ ಜೋಪಾನವಾಗಿ ಒಳಗೆ ಸರಿಸಿದ.