ಮಧ್ಯಾಹ್ನದ ಚಿಕಿತ್ಸೆ

ಕಿರ್ಗಿಸ್ತಾನದ ನಮ್ಮ ನಾರಿನ್‌ನಲ್ಲಿ ಕಾಯಿಲೆಯವರನ್ನು ನೋಡಲು ಹೋದವರು ಚಹಾ ಕುಡಿಯದೆ ಏಳುವುದಿಲ್ಲ. ವಯಸ್ಸಾದ ಬುರುಲ್ ಅಪಾಳ ಹೊಟ್ಟೆಯ ಕ್ಯಾನ್ಸರ್ ಇನ್ನು ವಾಸಿಯಾಗದು ಎಂದು ಗೊತ್ತಾದ ಮೇಲಂತೂ ಆ ಮನೆಯ ಕೆಟಲಿಗೆ ಪುರುಸೊತ್ತೇ ಇಲ್ಲ. ನಾನು ನರ್ಸು. ಅಪಾಳ ನೋವು ನೋಡಿಕೊಳ್ಳಲು, ಮನೆಯವರಿಗೆ ಆಸರೆಯಾಗಲು ಆಸ್ಪತ್ರೆಯಿಂದ ನನ್ನನ್ನು ಕಳಿಸುತ್ತಾರೆ. ನಾನು ಹೋದೊಡನೆ ಸೊಸೆ ಜಮೀರಾ ನನಗೂ ಬೋರ್ಸೋಕ್ ಹಿಟ್ಟಿನ ತುಂಡುಗಳನ್ನು ಕರಿಯಲು ಕೂರುತ್ತಾಳೆ. ಆಸರೆ ಎಂದರೆ ಇದು.

ರಾತ್ರಿಯೆಲ್ಲ ಅತ್ತೆಯ ಸೇವೆ, ಹಗಲೆಲ್ಲ ನೆಂಟರ ಸೇವೆ. ಒಂದು ದಿನ ಜಮೀರಾ ಮಾರ್ಫಿನ್ ಅಳೆಯುತ್ತ ನಿಂತಲ್ಲೇ ತೂಕಡಿಸಿದಳು. ಅಳತೆ ತಪ್ಪಿದ್ದರೆ ಅತ್ತೆಯ ಪ್ರಾಣ ಹೋಗುತ್ತಿತ್ತು.

"ಸ್ವಲ್ಪ ಮಲಗಮ್ಮ, ನಾನಿರ್ತೀನಿ."

"ಹಗಲು ಮಲಗೋ ಸೊಸೆ ಅಂತ ಊರೆಲ್ಲ ಆಡ್ಕೊಳ್ಳಲ್ವಾ?"

ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಚೆನ್ನಾಗಿ ಸುಳ್ಳು ಹೇಳುತ್ತೇನೆ. ಹಜಾರದಲ್ಲಿ ಚಹಾ ಹೀರುತ್ತಿದ್ದ ಅವಳ ನಾದಿನಿಯರ ಮುಂದೆ ನಿಂತೆ.

"ಅಪಾಗೆ ಮೈಬಿಸಿ ಚಿಕಿತ್ಸೆ ಶುರು ಮಾಡ್ಬೇಕು. ದಿನಾ ಮಧ್ಯಾಹ್ನ ಪಕ್ಕದಲ್ಲಿ ಒಬ್ಬರು ಅಲುಗಾಡದೆ ಮಲಗಿರ್ಬೇಕು. ಆಗ ಯಾರೂ ಒಳಗೆ ಬರೋ ಹಾಗಿಲ್ಲ."

"ಮಗಳಾದ ನಾನೇ ಮಲಗ್ತೀನಿ," ಎಂದಳು ಹಿರಿಯವಳು.

"ಆಗ್ಲಿ. ರಾತ್ರಿನೂ ನೀವೇ ಎದ್ದಿರ್ಬೇಕು."

"ಸೊಸೆನೇ ಸರಿ ಬಿಡು."

ಚಿಕಿತ್ಸೆ ಹೆಸರುವಾಸಿಯಾಯಿತು. ಮಂಡಿನೋವಿಗೂ ಸೊಸೆಯನ್ನು ಮಲಗಿಸಿಕೊಳ್ಳಬಹುದೇ ಎಂದು ಪಕ್ಕದ ಬೀದಿಯ ಮುದುಕಿ ಕೇಳಿದಳು. ಧಾರಾಳವಾಗಿ ಎಂದೆ.

ಒಂದು ಮಧ್ಯಾಹ್ನ ಜಮೀರಾ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಅಪಾ ನನ್ನನ್ನು ಹತ್ತಿರ ಕರೆದಳು.

"ಇಂಥ ಔಷಧ ಎಲ್ಲೂ ಇಲ್ಲ ಅಂತ ನಂಗೊತ್ತಿಲ್ವೇನೇ? ನಾನೂ ಈ ಮನೆಗೆ ಸೊಸೆಯಾಗೇ ಬಂದೋಳು."

"ಮತ್ತೆ ಸುಮ್ನಿದ್ದೀರಲ್ಲ?"

"ಮಲಗು ಅಂತ ನಾನೇ ಹೇಳಿದ್ರೆ ಅತ್ತೆ ಅನ್ನಿಸ್ಕೊಳ್ಳೋದು ಹೇಗೆ?" ನಕ್ಕಳು, ನೋವಿಗೆ ಮುಖ ಕಿವುಚಿದಳು. "ನಾನು ಹೋದ್ಮೇಲೆ ಜನ ಇನ್ನೂ ಜಾಸ್ತಿ ಬರ್ತಾರೆ. ಆಗ ಇವಳಿಗೆ ಏನ್ಮಾಡ್ತೀಯ?"

ಅಷ್ಟು ದೂರ ನಾನು ಯೋಚಿಸಿರಲಿಲ್ಲ. ನಾಚಿಕೆಯಾಯಿತು.

ಅಪಾ ಹೋದ ಮೇಲೆ ನೋಡಲು ಹೋದೆ. ಅಂಗಳ ತುಂಬ ಜನ. ಜಮೀರಾ ಕೆಟಲು ಹಿಡಿದು ಓಡಾಡುತ್ತಿದ್ದಳು. ಹಿರಿಯ ನಾದಿನಿ ಎಲ್ಲರಿಗೂ ಕೇಳುವಂತೆ ಕೂಗಿದಳು:

"ಜಮೀರಾ, ಹೊತ್ತಾಯ್ತು, ಹೋಗಿ ಮಲಗು. ನಲವತ್ತನೇ ದಿನದ ಕಾರ್ಯದ ತನಕ ತನ್ನ ಹಾಸಿಗೆ ತಣ್ಣಗಾಗ್ಬಾರ್ದು ಅಂತ ಅಮ್ಮ ಸಾಯೋವಾಗ ಆಣೆ ಹಾಕಿಸ್ಕೊಂಡಿದ್ದಾಳೆ. ತಣ್ಣಗಾದ್ರೆ ಆತ್ಮಕ್ಕೆ ಚಳಿಯಂತೆ."

ನನ್ನದಕ್ಕಿಂತ ಎಷ್ಟೋ ಮೇಲಾದ ಸುಳ್ಳು. ಅಳು ಬಂತು, ಅತ್ತುಬಿಟ್ಟೆ.

ಜಮೀರಾ ಒಳಗೆ ಹೋದಳು. ನಾದಿನಿ ಕೆಟಲನ್ನು ನನ್ನ ಕೈಗಿಟ್ಟಳು.

"ಅಳ್ತಾ ನಿಂತ್ರೆ ಹೇಗೆ ನರ್ಸಮ್ಮ? ಆ ಸಾಲಿಗೆ ಇನ್ನೂ ಚಹಾ ಹೋಗಿಲ್ಲ."

ಆ ಮನೆಗೆ ನಾನು ಮೊದಲ ಸಲ ಆಸರೆಯಾದೆ.