ಇಂಜೆಕ್ಷನ್ ಅವಳಿಗೆ, ಉತ್ತರ ಗಂಡನದು

ಸೊಂಟ ನೋವು ಅಂದರೆ ಮನೆಯಲ್ಲಿ ಯಾರೂ ಕಿವಿಗೇ ಹಾಕಿಕೊಳ್ಳುವುದಿಲ್ಲ. ಹೆಂಗಸರು ಹೇಳಿದರಂತೂ ಅದು ಇದ್ದದ್ದೇ ಎಂದು ತೇಲಿಸಿಬಿಡುತ್ತಾರೆ. ದೊಡ್ಡ ಲಾಂಡ್ರಿಯೊಂದರಲ್ಲಿ ಕೆಲಸ ಮಾಡುವ, ಬೀದಿಯವರೆಲ್ಲ ಲಾಂಡ್ರಿಯಕ್ಕ ಎನ್ನುವ ಹೆಂಗಸಿಗೂ ಹಾಗೇ ಆಯಿತು. ಹನ್ನೆರಡು ವರ್ಷದಿಂದ ಅವಳು ಯಂತ್ರದೊಳಗಿನ ಒದ್ದೆ ಬೆಡ್‌ಶೀಟುಗಳನ್ನು ಬಗ್ಗಿ ಎಳೆದು, ಬಲಕ್ಕೆ ತಿರುಗಿ ಗಾಡಿಗೆ ತುಂಬುತ್ತಿದ್ದಾಳೆ. ಎರಡು ವರ್ಷದಿಂದ ಸೊಂಟದ ಕೆಳಗೆ, ಬಲಗಡೆ, ಮೊಳೆ ಹೊಡೆದಂಥ ನೋವು. ಮೆಟ್ಟಿಲು ಹತ್ತಿದರೆ ನೋವು, ಮಗ್ಗುಲು ಬದಲಿಸಿದರೆ ನೋವು. ಸೂಪರ್‌ವೈಸರ್ ನಾಟಕ ಅಂದ. ಶಾಲೆಯ ವ್ಯಾನ್ ಓಡಿಸುವ ಗಂಡ, "ವಯಸ್ಸಾಯ್ತಲ್ಲೇ" ಅಂದ.

ಕೊನೆಗೂ ಗಂಡ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ಬೆನ್ನುಮೂಳೆಯ ಬುಡವೂ ಸೊಂಟದ ಮೂಳೆಯೂ ಸೇರುವ ಕೀಲಿನಲ್ಲಿ ತೊಂದರೆ ಇರಬಹುದು ಎಂದರು ಡಾಕ್ಟರು. ಮೊದಲು ಆ ಕೀಲಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ನೋಡುವುದು. ಕೆಲವು ಗಂಟೆ ನೋವು ಚೆನ್ನಾಗಿ ಇಳಿದರೆ ಕೀಲೇ ಕಳ್ಳ ಎಂದು ಗೊತ್ತಾಗುತ್ತದೆ. ಆಮೇಲೆ ಬೇಕಾದರೆ ಸ್ಕ್ರೂ ಹಾಕಿ ಕೀಲನ್ನು ಬೆಸೆಯುವ ಆಪರೇಶನ್. ಇಂಜೆಕ್ಷನ್ ಆದಮೇಲೆ ನೋವು ತರುವ ಕೆಲಸವನ್ನೇ ಮಾಡಿ ನೋಡಿ, ಗಂಟೆಗೊಮ್ಮೆ ಬರೆದಿಡಿ ಎಂದು ಒಂದು ಹಾಳೆ ಕೊಟ್ಟರು. ಗಂಡ ಅದನ್ನು ಮಡಚಿ ಜೇಬಿಗೆ ಹಾಕಿಕೊಂಡ.

ಇಂಜೆಕ್ಷನ್ ದಿನ ಅಕ್ಕ ಬಸ್ಸಿನ ಕುಲುಕಾಟಕ್ಕೆ ಹೆದರಿ ನೋವಿನ ಮಾತ್ರೆ ನುಂಗಿಯೇ ಹೋದಳು. ಮನೆಗೆ ಬಂದ ಮೇಲೆ ಗಂಡ, "ಸೂಜಿ ಹಾಕಿದಾರೆ, ಅಲ್ಲಾಡ್ಬೇಡ" ಎಂದು ಸಂಜೆಯವರೆಗೆ ಮಲಗಿಸಿದ. ಮುಂದಿನ ವಾರ ಡಾಕ್ಟರು, "ಹೇಗಿತ್ತಮ್ಮ?" ಎಂದು ಕೇಳಿದರು. ಅವಳು ಬಾಯಿ ತೆರೆಯುವಷ್ಟರಲ್ಲಿ ಗಂಡ, "ತುಂಬಾ ಆರಾಮ ಸಾರ್, ಎಂಬತ್ತು ಪರ್ಸೆಂಟ್ ಕಮ್ಮಿ" ಎಂದ. ಡಾಕ್ಟರು ಎಂಬತ್ತು ಎಂದು ಬರೆದುಕೊಂಡರು. ಆಪರೇಶನ್ನಿಗೆ ತಾರೀಖು ಬಿತ್ತು.

ಪಕ್ಕದ ಮನೆಯ ನರ್ಸಮ್ಮ ಬೇರೊಂದು ಆಸ್ಪತ್ರೆಯ ಮೂಳೆ ವಾರ್ಡಿನವಳು. ಸುದ್ದಿ ಕೇಳಿ ಆ ಸಂಜೆಯೇ ಬಂದಳು.

"ಇಂಜೆಕ್ಷನ್ ಆದ್ಮೇಲೆ ಮೆಟ್ಟಿಲು ಹತ್ತಿ ನೋಡಿದ್ಯಾ ಅಕ್ಕ?"

"ಎಲ್ಲಿ, ಇವ್ರು ಏಳೋಕೇ ಬಿಡ್ಲಿಲ್ಲ."

"ಅಲ್ಲಾಡ್ದೆ ಮಲಗಿದ್ರೆ ನಿಂಗೆ ಯಾವತ್ತಾದ್ರೂ ನೋವು ಬಂದಿದ್ಯಾ?"

"ಇಲ್ಲ."

"ಮತ್ತೆ ಎಂಬತ್ತು ಅಂದಿದ್ಯಾರು?"

ಅಕ್ಕ ಗಂಡನ ಮುಖ ನೋಡಿದಳು. ಗಂಡ ಫ್ಯಾನು ನೋಡಿದ.

"ಒಂದು ಅಂದಾಜಲ್ಲಿ ಹೇಳ್ದೆ. ಅಷ್ಟು ದೊಡ್ಡ ಡಾಕ್ಟ್ರು. ಏನೂ ಆಗ್ಲಿಲ್ಲ ಅಂದ್ರೆ ಬೇಜಾರಾಗಲ್ವಾ?"

"ಡಾಕ್ಟ್ರಿಗೆ ಬೇಜಾರಾಗ್ಬಾರ್ದು ಅಂತ ಹೆಂಡ್ತಿ ಮೂಳೆಗೆ ಸ್ಕ್ರೂ ಹಾಕಿಸ್ತೀರೇನಣ್ಣ? ಭಾರೀ ಮರ್ಯಾದಸ್ಥರು ನೀವು."

"ಹಾಗಾದ್ರೆ ಆಪರೇಶನ್ನೇ ಬೇಡ ಅಂತೀರಾ? ಇವಳು ನರಳೋದನ್ನ ನೋಡ್ತಾ ಕೂತಿರ್ಲಾ?"

"ಬೇಡ ಅಂದ್ನಾ ನಾನು? ಬೆಸುಗೆ ಹಾಕಿಸ್ಕೊಂಡು ಸಲೀಸಾಗಿ ನಡ್ಕೊಂಡು ಹೋದೋರನ್ನ ನಾನೇ ಕಂಡಿದೀನಿ. ನೋವು ಆ ಕೀಲಿಂದಾನೇ ಅಂತ ಖಾತ್ರಿ ಆಗಿತ್ತು ಅವರಿಗೆ. ತಿಂಗಳುಗಟ್ಟಲೆ ವ್ಯಾಯಾಮ ಮಾಡಿ, ಔಷಧಿ ತಗೊಂಡು, ಯಾವುದಕ್ಕೂ ಬಗ್ಗಲಿಲ್ಲ ಅಂದ್ಮೇಲೆ ಮಾಡಿಸ್ಕೊಂಡೋರು. ಖಾತ್ರಿ ಇಲ್ದೆ ಬೆಸೆದ್ರೆ ನೋವೂ ಇರುತ್ತೆ, ಸ್ಕ್ರೂನೂ ಇರುತ್ತೆ. ಬೆಸೆದ ಕೀಲನ್ನ ಮತ್ತೆ ಮೊದಲಿನ ಹಾಗೆ ಮಾಡೋಕಾಗಲ್ಲ. ಅಕ್ಕ, ನೀನು ವ್ಯಾಯಾಮ ಎಷ್ಟು ದಿನ ಮಾಡ್ದೆ?"

"ನಾಕು ದಿನ. ಅದೂ ಆಸ್ಪತ್ರೇಲಿ ಕೊಟ್ಟ ಚೀಟಿಲಿದ್ದ ಚಿತ್ರ ನೋಡ್ಕೊಂಡು."

ಇಷ್ಟು ಹೇಳಿದವಳಿಗೆ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು. ಅವಳು ಗಂಡನ ಕಡೆ ತಿರುಗಿದಳು.

"ಎರಡು ವರ್ಷ ನೋವಿದೆ ನೋವಿದೆ ಅಂದೆ, ನಂಬ್ಲಿಲ್ಲ. ಈಗ ನೋವು ಹೋಯ್ತು ಅಂತ ನೀವೇ ಹೇಳಿ ಬಂದ್ರಿ. ನನ್ನ ಸೊಂಟ ನನ್ನ ಹತ್ರಾನೇ ಇದೆ ರೀ. ಕೇಳಿದ್ರೆ ಹೇಳ್ತಿದ್ದೆ."

ಗಂಡ ಮಡಚಿಟ್ಟಿದ್ದ ಖಾಲಿ ಹಾಳೆಯನ್ನು ತಂದು ಅವಳ ಮುಂದಿಟ್ಟ.

ಎರಡು ದಿನದಲ್ಲಿ ಮತ್ತೆ ಆಸ್ಪತ್ರೆಗೆ ಹೋದರು. ಈ ಸಲ ಅಕ್ಕನೇ ಮುಂದೆ ಕೂತು ಮಾತ್ರೆಯ ವಿಷಯ, ಮಲಗಿದ್ದ ವಿಷಯ ಎಲ್ಲ ಹೇಳಿದಳು.

"ಅವತ್ತೇ ಹೇಳಬಾರದಿತ್ತೇನಮ್ಮ?" ಡಾಕ್ಟರು ರೇಗಿದರು.

"ಇವ್ರು ಹೇಳಿದ್ದನ್ನ ನೀವು ಬರ್ಕೊಂಡ್ರಿ ಸಾರ್. ನನ್ನ ಕಡೆ ನೋಡ್ಲೇ ಇಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. ಅವಳ ಕಡೆ ತಿರುಗಿ, "ಸರಿ, ಪರೀಕ್ಷೆ ಮತ್ತೆ ಮಾಡೋಣ. ಮಾತ್ರೆ ನುಂಗಿ ಬಂದ್ರೆ ನೋವು ಇಳಿದಿದ್ದು ಮಾತ್ರೆಯಿಂದಲೋ ಇಂಜೆಕ್ಷನ್ನಿಂದಲೋ ಗೊತ್ತಾಗಲ್ಲ. ಅದನ್ನ ಯಾವಾಗ ನಿಲ್ಲಿಸ್ಬೇಕು ಅಂತ ನಾನೇ ಹೇಳ್ತೀನಿ" ಎಂದರು.

ಎರಡನೇ ಇಂಜೆಕ್ಷನ್ ಆಯಿತು. ಕಾಲಲ್ಲಿ ಬಲವಿದೆಯೆಂದು ನೋಡಿಕೊಂಡು ಅಲ್ಲಿಯ ನರ್ಸು ಮೆಟ್ಟಿಲು ಹತ್ತಲು ಬಿಟ್ಟಳು. ಅಕ್ಕ ಕಂಬಿ ಹಿಡಿದು ಹತ್ತಿದಳು, ಗಂಡ ಹಾಳೆ ಹಿಡಿದು ಹಿಂದೆ.

"ಈಗ?"

"ಹಾಗೇ ಇದೆ."

ಮೂರು ಗಂಟೆಯಲ್ಲಿ ಆಗಾಗ ಹತ್ತಿ ಇಳಿದು, ಕೂತು ಎದ್ದು ನೋಡಿದಳು.

"ಚೂರೂ ಕಮ್ಮಿ ಇಲ್ವಾ?"

"ಇಲ್ಲ ಅಂದ್ನಲ್ಲ. ಇಲ್ಲ ಅಂತಾನೇ ಬರೀರಿ."

ಅವನು ಹಾಗೇ ಬರೆದ. ಹಾಳೆ ನೋಡಿದ ಡಾಕ್ಟರು ಆಪರೇಶನ್ ತಾರೀಖಿನ ಮೇಲೆ ಗೀಟು ಎಳೆದರು. ನೋವು ಆ ಕೀಲಿನದಲ್ಲ ಅನ್ನಿಸುತ್ತದೆ, ಬೇರೆ ಕಡೆ ಹುಡುಕಬೇಕು ಎಂದರು. ಅಲ್ಲಿಯವರೆಗೆ ಫಿಸಿಯೋಥೆರಪಿಗೆ ಕಳಿಸಿದರು. ಅಕ್ಕನ ನೋವು ಇನ್ನೂ ಹೋಗಿಲ್ಲ. ಆದರೆ ತಪ್ಪು ಜಾಗಕ್ಕೆ ಸ್ಕ್ರೂ ಬೀಳುವುದು ತಪ್ಪಿತು.

ಓದುತ್ತಿರುವ ತಾಯಂದಿರೇ, ಅಣ್ಣಂದಿರೇ, ಆಪರೇಶನ್ ಎಂದರೆ ಹೆದರಿ ಓಡಬೇಡಿ, ಬೇಕಾದವರಿಗೆ ಅದು ಬೇಕು. ಆದರೆ ಒಪ್ಪುವ ಮೊದಲು ಕೇಳಿ: ನೋವು ಈ ಕೀಲಿಂದಲೇ ಎಂದು ಹೇಗೆ ಗೊತ್ತಾಯಿತು? ಬೇರೆ ದಾರಿಗಳನ್ನು ಸರಿಯಾಗಿ ನೋಡಿದ್ದೇವೆಯೇ? ಗುಣವಾಗದಿದ್ದರೆ ಮುಂದೇನು? ಅನುಮಾನವಿದ್ದರೆ ಇನ್ನೊಬ್ಬ ಡಾಕ್ಟರನ್ನೂ ಕೇಳಿ, ಅದರಲ್ಲಿ ಅವಮರ್ಯಾದೆ ಏನಿಲ್ಲ. ಮತ್ತೆ, ಮನೆಯವರನ್ನು ಡಾಕ್ಟರ ಮುಂದೆ ಕೂರಿಸಿದಾಗ ದಯವಿಟ್ಟು ನೀವು ಬಾಯಿ ಮುಚ್ಚಿಕೊಳ್ಳಿ. ನೋಯುತ್ತಿರುವವರು ಮಾತಾಡಲಿ.