ಟೈಲರಮ್ಮ ಸುಮ್ಮನಾದದ್ದು

ಟೈಲರಮ್ಮನಿಗೆ ಬೀದಿಯವರು ಇಟ್ಟಿದ್ದ ಹೆಸರು ರೇಡಿಯೋ. ಇಟ್ಟದ್ದರಲ್ಲಿ ತಪ್ಪೇನೂ ಇರಲಿಲ್ಲ ಬಿಡಿ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದಾಗ ಶುರುವಾದ ಮಾತು ಸಂಜೆ ಮಿಷನ್ನಿಗೆ ಮುಸುಕು ಹಾಕುವ ತನಕ ನಿಲ್ಲುತ್ತಿರಲಿಲ್ಲ. ಪ್ಯಾಂಟಿಗೆ ಜಿಪ್ಪು ಹಾಕಿಸಲು ಬಂದವನು ತನ್ನ ಕಷ್ಟ ಹೇಳಿಕೊಳ್ಳಲು ಬಾಯಿ ತೆರೆದರೆ ಸಾಕು, ಆ ಕಷ್ಟದ ಮುಕ್ಕಾಲು ಭಾಗವನ್ನು ಇವಳೇ ಹೇಳಿ, ಪರಿಹಾರವನ್ನೂ ಕೊಟ್ಟು ಕಳಿಸುತ್ತಿದ್ದಳು. ಗಂಡ ಲಾರಿ ಡ್ರೈವರು. ವಾರಕ್ಕೆ ಎರಡು ದಿನ ಮನೆಯಲ್ಲಿರುತ್ತಿದ್ದ; ಆ ಎರಡು ದಿನವೂ ತಲೆ ಆಡಿಸುವುದಷ್ಟೇ ಅವನ ಕೆಲಸ.

ಇಂಥವಳ ಒಬ್ಬಳೇ ಮಗಳಿಗೆ ಒಂದು ವಾಕ್ಯ ಮುಗಿಸಲು ಅರ್ಧ ನಿಮಿಷ ಬೇಕಾಗುತ್ತಿತ್ತು. ಹುಟ್ಟುವ ಹೊತ್ತಿನಲ್ಲಿ ಉಸಿರು ಸಿಗದೆ ಒದ್ದಾಡಿದ ಕೂಸು ಅದು. ಅಂದಿನಿಂದ ಬಲಗೈ ಬಿಗಿ, ನಾಲಿಗೆ ಬಿಗಿ. ತಲೆ ಮಾತ್ರ ಚುರುಕೋ ಚುರುಕು. ತೆವಳುವ ವಯಸ್ಸಿನಲ್ಲಿ ಅಂಗಡಿಯ ಡಬ್ಬಿ ಮಗುಚಿ ಕೋಟಿನ ಗುಂಡಿಯೊಂದನ್ನು ನುಂಗಿ ಎಲ್ಲರ ಜೀವ ಬಾಯಿಗೆ ತಂದಿದ್ದಳು. ಆಮೇಲೆ ಗುಂಡಿ ಎಂಬುದೇ ಅವಳ ಹೆಸರಾಯಿತು. ಈಗ ಹನ್ನೊಂದು ವರ್ಷ. ಬೀದಿ ಕೊನೆಯ ಸಣ್ಣ ಶಾಲೆಯಲ್ಲಿ ಐದನೇ ತರಗತಿ ಮುಗಿಸಿದ್ದಳು. ಆರನೆಯದಕ್ಕೆ ದೊಡ್ಡ ಶಾಲೆಗೆ ಹೋಗಬೇಕು, ಅಲ್ಲಿ ಇಂಥ ಮಕ್ಕಳಿಗೆ ಮೊದಲು ಒಂದು ಪರೀಕ್ಷೆ.

ಆ ಪರೀಕ್ಷೆಯ ದಿನ ಏನಾಯಿತೆಂದು ಹೇಳಲು ನನಗೇ ಹೊಟ್ಟೆ ಉರಿಯುತ್ತದೆ. ಪರೀಕ್ಷಕ ಒಂದು ಚಿತ್ರ ಎತ್ತಿ ತೋರಿಸಿದ. ಗುಂಡಿ ತುಟಿ ಕೂಡಿಸಿ, ಕುತ್ತಿಗೆ ಮುಂದೆ ಚಾಚಿ, "ಕೊ..." ಎಂದಳು.

"ಕೊಡೆ ಸರ್, ಕೊಡೆ! ಅವಳಿಗೆ ಚೆನ್ನಾಗಿ ಗೊತ್ತು," ಎಂದಳು ಟೈಲರಮ್ಮ.

ಎರಡನೆಯ ಚಿತ್ರಕ್ಕೂ ಹಾಗೇ, ಹತ್ತನೆಯದಕ್ಕೂ ಹಾಗೇ. ಮಗಳ ಗಂಟಲಲ್ಲಿ ಸದ್ದು ಹುಟ್ಟುವ ಮೊದಲೇ ತಾಯಿಯ ಬಾಯಲ್ಲಿ ಉತ್ತರ ಸಿದ್ಧ. ಪರೀಕ್ಷಕ ಎರಡು ಸಲ "ಅಮ್ಮಾ, ಮಗು ಹೇಳ್ಲಿ" ಎಂದ. "ಅವಳು ಹೇಳೋದೂ ಅದೇ ಸರ್," ಎಂದು ಇವಳು ಮುಂದುವರಿದಳು. ಇಪ್ಪತ್ತಕ್ಕೆ ಇಪ್ಪತ್ತೂ ಸರಿ! ಮನೆಗೆ ಬರುವ ದಾರಿಯಲ್ಲಿ ಟೈಲರಮ್ಮ ಎದೆ ಉಬ್ಬಿಸಿಕೊಂಡು ನಡೆದಳು. ನಾಲ್ಕನೆಯ ದಿನ ಶಾಲೆಯಿಂದ ಕಾಗದ ಬಂತು. 'ಮಗು ಒಂದು ಪ್ರಶ್ನೆಗೂ ಸ್ವತಃ ಉತ್ತರಿಸಲಿಲ್ಲ. ಪಾಠ ಅರ್ಥವಾಗುವ ಲಕ್ಷಣ ಕಾಣುವುದಿಲ್ಲ. ಇಂಥ ಮಕ್ಕಳಿಗೆಂದೇ ಇರುವ ಊರಾಚೆಯ ಪ್ರತ್ಯೇಕ ಶಾಲೆಗೆ ಸೇರಿಸುವುದು ಒಳ್ಳೆಯದು. ಹದಿನೈದು ದಿನದ ನಂತರ ಹೆಡ್‌ಮಾಸ್ಟರ ಮುಂದೆ ಕೊನೆಯ ತೀರ್ಮಾನ.'

ಟೈಲರಮ್ಮ ಕಾಗದ ಹಿಡಿದುಕೊಂಡು ಬೀದಿಗೆಲ್ಲ ಕೇಳುವಂತೆ ಕೂಗಾಡಿದಳು. ಕೂಗಾಡಿ ಮುಗಿದ ಮೇಲೆ ಕತ್ತರಿಸುವ ಮೇಜಿನ ಹಿಂದೆ ಕುಳಿತು ಅತ್ತಳು. ಗುಂಡಿ ಎಡಗೈಯಿಂದ ಕಾಗದ ಎಳೆದುಕೊಂಡು ಪೂರ್ತಿ ಓದಿ, ಮಡಚಿ, ಅಳತೆ ಪುಸ್ತಕದೊಳಗೆ ಇಟ್ಟಳು. ಏನೋ ಹೇಳಲು ಹೊರಟಳು. "ಬೇಜಾರು ಮಾಡ್ಕೋಬೇಡ ಕಂದಾ, ಗೊತ್ತು ನಂಗೆ," ಎಂದು ತಾಯಿ ಅದನ್ನೂ ಮುಗಿಸಿಬಿಟ್ಟಳು.

ಎರಡು ದಿನ ಬಿಟ್ಟು ದೊಡ್ಡ ಶಾಲೆಯ ವಿಶೇಷ ಶಿಕ್ಷಕಿ ಅಂಗಡಿಗೆ ಬಂದಳು. ಇಂಥ ಮಕ್ಕಳಿಗೆ ಹೇಗೆ ಕಲಿಸಬೇಕೆಂದು ಓದಿಕೊಂಡವಳು. ಮಗುವನ್ನು ಅದರ ಜಾಗದಲ್ಲೇ ನೋಡದೆ ತೀರ್ಮಾನ ಬರೆಯುವುದು ಅವಳಿಗೆ ಸರಿಬರಲಿಲ್ಲ. ಹೊಲಿಗೆಯ ನೆಪವಿಲ್ಲದೆ ಬಂದರೆ ಮನೆಯವರು ಮೈಯೆಲ್ಲ ಬಿಗಿಮಾಡಿಕೊಳ್ಳುತ್ತಾರೆಂದು ಅಂಚು ಇಳಿದ ತನ್ನ ಉದ್ದ ಕೋಟನ್ನು ತೊಟ್ಟೇ ಬಂದಿದ್ದಳು. ಟೈಲರಮ್ಮ ಮುಕ್ಕಾಲು ಗಂಟೆ ಶಾಲೆಯನ್ನು ಬೈದಳು. ಆಮೇಲೆ ಕೆಲಸ ನೆನಪಾಗಿ ಕೋಟಿನ ಮುಂದೆ ಮಂಡಿಯೂರಿ, ಗುಂಡುಸೂಜಿಗಳನ್ನು ಸಾಲಾಗಿ ತುಟಿಗಳ ನಡುವೆ ಕಚ್ಚಿಕೊಂಡು ಅಂಚು ಮಡಚತೊಡಗಿದಳು. ದಿನದಲ್ಲಿ ಅವಳ ಬಾಯಿ ಮುಚ್ಚಿರುತ್ತಿದ್ದುದು ಇದೊಂದೇ ಹೊತ್ತಿನಲ್ಲಿ.

"ಅಮ್ಮಾ," ಎಂದಳು ಗುಂಡಿ. "ಎಡಗಡೆ... ಅರ್ಧ ಇಂಚು... ಇಳಿದಿದೆ."

ಟೈಲರಮ್ಮ ಸೂಜಿ ಕಿತ್ತು ಸರಿಮಾಡಿದಳು. ಗುಂಡಿ ಶಿಕ್ಷಕಿಯ ಕಡೆ ತಿರುಗಿ ಕೋಟು ಯಾರು ಹೊಲಿದದ್ದೆಂದು ಕೇಳಿದಳು. ಒಳಗಿನ ಬಟ್ಟೆ ಅಗ್ಗದ್ದು, ಮೂರು ಸಲ ಒಗೆದರೆ ಕುಗ್ಗುತ್ತದೆ ಎಂದಳು. ಹಳೆಯ ಶಾಲೆಯಲ್ಲಿ ಭೂಗೋಳ ಇಷ್ಟವಿತ್ತು, ಹೊಸ ಶಾಲೆಯ ಮೆಟ್ಟಿಲಿಗೆ ಹಿಡಿಗಂಬಿ ಇದೆಯೇ ಎಂದೂ ವಿಚಾರಿಸಿದಳು. ಎಲ್ಲ ನಿಧಾನ, ಎಲ್ಲ ಪೂರ್ತಿ.

ಕೊನೆಯ ಸೂಜಿ ಬಾಯಿಂದ ಹೊರಬಂದ ಕೂಡಲೇ ಶಿಕ್ಷಕಿ ಮೆಲ್ಲಗೆ ಕೇಳಿದಳು, "ಅಕ್ಕಾ, ಒಂದು ಮಾತು ಹೇಳ್ತೀನಿ, ಸಿಟ್ಟು ಮಾಡ್ಕೊಳಲ್ಲ ತಾನೇ? ನಿಮ್ಮ ಬಾಯಲ್ಲಿ ಸೂಜಿ ಇದ್ದ ಹತ್ತು ನಿಮಿಷದಲ್ಲಿ ಅವಳು ಒಂಬತ್ತು ವಾಕ್ಯ ಮಾತಾಡಿದ್ಳು. ಅದಕ್ಕೆ ಮುಂಚೆ ಮುಕ್ಕಾಲು ಗಂಟೆಲಿ ಎರಡೇ ಪದ. ಆ ಪ್ರತ್ಯೇಕ ಶಾಲೆ ಒಳ್ಳೇದೇ, ನಾನೂ ಅಲ್ಲಿ ಕೆಲಸ ಮಾಡಿದೀನಿ. ಬೇಕಾದ ಮಕ್ಕಳಿಗೆ ಅದು ಬೇಕೇ ಬೇಕು. ಇವಳಿಗೆ ಬೇಕಾಗಿರೋದು ಮಾತು ಮುಗಿಯೋ ತನಕ ಕಾಯೋರು, ಅಷ್ಟೇ."

ಟೈಲರಮ್ಮನಿಗೆ ಕಪಾಳಕ್ಕೆ ಹೊಡೆದಂತಾಯಿತು. ಸಿಟ್ಟು ಬಂತು, ಬೈಯಲು ಬಾಯಿ ತೆರೆದಳು, ಕಣ್ಣು ಕೋಟಿನ ಅಂಚಿಗೆ ಚುಚ್ಚಿದ್ದ ಸೂಜಿಗಳ ಮೇಲೆ ಬಿತ್ತು. ಜಗತ್ತು ಮಗಳ ಬಾಯಿ ಕಟ್ಟಿದೆ ಎಂದು ಹನ್ನೊಂದು ವರ್ಷ ಜಗತ್ತಿನ ಮೇಲೆ ಹರಿಹಾಯ್ದವಳು ಅವಳು. ಮಗಳ ಬಾಯಿಗೆ ಹೊಲಿಗೆ ಹಾಕಿದ್ದು ತಾನೇ, ಅದೂ ಪ್ರೀತಿಯಿಂದ, ಒಂದೂ ಎಳೆ ಬಿಡದ ಹಾಗೆ!

ಉಳಿದ ದಿನಗಳಲ್ಲಿ ಅವಳು ಪಟ್ಟ ಪಾಡು ಶತ್ರುವಿಗೂ ಬೇಡ. ಮಗಳು ಮಾತು ಶುರುಮಾಡಿದರೆ ಇವಳು ಕೆಳತುಟಿ ಕಚ್ಚಿ, ಮಿಷನ್ನಿನ ಚಕ್ರ ಹಿಡಿದು ಕೂರಬೇಕು. ಮೊದಲ ದಿನ ಹತ್ತಕ್ಕೆ ಎಂಟು ಸಲ ಸೋತಳು. "ರೇಡಿಯೋ ಕೆಟ್ಟೋಯ್ತಾ?" ಎಂದು ಗಿರಾಕಿಗಳು ಕೇಳಿದರು. ಹಳೆಯ ಹೊಲಿಗೆ ಬಿಚ್ಚುತ್ತ ಮೂಲೆಯಲ್ಲಿ ಕೂರುತ್ತಿದ್ದ ಅತ್ತೆ, "ಕೆಡಲಿ ಬಿಡಿ, ಇಷ್ಟು ವರ್ಷಕ್ಕೆ ನನ್ನ ಕಿವಿಗೆ ರಜೆ ಸಿಕ್ಕಿದೆ," ಎಂದಳು.

ಕಾದದ್ದಕ್ಕೆ ಸಿಕ್ಕಿದ್ದೇನು ಗೊತ್ತೇ? ಐದು ವರ್ಷದಿಂದ ಗುಂಡಿ "ನಂಗೆ ನೀಲಿ..." ಎನ್ನುವಷ್ಟರಲ್ಲಿ ತಾಯಿ "ಬೇಕು, ಗೊತ್ತು ಗೊತ್ತು" ಎಂದು ನೀಲಿ ಫ್ರಾಕೇ ಹೊಲಿಯುತ್ತಿದ್ದಳು. ಪೆಟ್ಟಿಗೆ ತುಂಬ ನೀಲಿ. ಈಗ ಆ ವಾಕ್ಯ ಮೊದಲ ಬಾರಿಗೆ ಕೊನೆ ಮುಟ್ಟಿತು. "ನಂಗೆ ನೀಲಿ... ಸಾಕಾಗಿ... ಹೋಗಿದೆ." ಟೈಲರಮ್ಮ ನಕ್ಕಳು, ನಗುತ್ತ ಕಣ್ಣೊರೆಸಿಕೊಂಡಳು, ಆವತ್ತೇ ಹಳದಿ ಬಟ್ಟೆ ಕತ್ತರಿಸಿದಳು.

ಹದಿನೈದನೆಯ ದಿನ ಬಂತು. ಹೆಡ್‌ಮಾಸ್ಟರು ಕೆಟ್ಟವರಲ್ಲ, ಅವಸರದವರು. ಮಾತಿಗೊಮ್ಮೆ ಗೋಡೆ ಗಡಿಯಾರ ನೋಡುತ್ತಿದ್ದರು. ಮೇಜಿನ ಒಂದು ಬದಿಗೆ ವಿಶೇಷ ಶಿಕ್ಷಕಿ, ಎದುರಿಗೆ ಹಳದಿ ಫ್ರಾಕಿನ ಗುಂಡಿ, ಅವಳ ಪಕ್ಕ ಎರಡೂ ಕೈಗಳನ್ನು ತೊಡೆಯಡಿ ಸಿಕ್ಕಿಸಿಕೊಂಡ ಟೈಲರಮ್ಮ.

"ಮುಕ್ಕಾಲು ಮೀಟರ್ ಬಟ್ಟೆ ಇದೆ ಮರಿ. ಇಬ್ಬರಿಗೆ ಸಮವಾಗಿ ಹಂಚಿದ್ರೆ ಒಬ್ಬೊಬ್ಬರಿಗೆ ಎಷ್ಟು ಸೆಂಟಿಮೀಟರ್?"

ಗುಂಡಿ ಒಂದು ಕ್ಷಣ ಮೇಜಿನ ಅಂಚು ನೋಡಿದಳು. "ಮೂವ... ತ್ತ್..."

"ಮೂವತ್ತು ಅಂತೀಯಾ? ಪರವಾಗಿಲ್ಲ, ಹತ್ತಿರ ಬಂದೆ," ಎಂದು ಹೆಡ್‌ಮಾಸ್ಟರು ಪೆನ್ನು ಎತ್ತಿಕೊಂಡರು.

ಉತ್ತರ ಟೈಲರಮ್ಮನ ನಾಲಿಗೆಯ ತುದಿಯಲ್ಲಿತ್ತು, ಅವಳಿಗೆ ಅದು ಊಟದಷ್ಟು ಸಲೀಸು. ನುಂಗಿಕೊಂಡಳು. "ಸರ್, ಅವಳ ಮಾತು ಮುಗಿದಿಲ್ಲ," ಎಂದಳು. ಇಷ್ಟು ಚಿಕ್ಕ ಮಾತನ್ನು ಅವಳು ಜನ್ಮದಲ್ಲಿ ಆಡಿರಲಿಲ್ಲ.

ಪೆನ್ನು ಕಾಗದದ ಮೇಲೆ ನಿಂತಿತು.

"ಮೂವತ್ತೇಳೂ... ವರೆ," ಎಂದಳು ಗುಂಡಿ. "ಅಂಚು ಮಡಚೋಕೆ... ಬಿಟ್ರೆ... ಇನ್ನೂ ಕಮ್ಮಿ."

ಹೆಡ್‌ಮಾಸ್ಟರ ಮುಖ ಕೆಂಪಗಾಯಿತು. ಪೆನ್ನು ಕೆಳಗಿಟ್ಟು ಮತ್ತೆ ಐದಾರು ಪ್ರಶ್ನೆ ಕೇಳಿದರು. ಎಲ್ಲಕ್ಕೂ ಉತ್ತರ ಬಂತು; ಒಂದು ತಪ್ಪಿತು, ಅದೂ ಅವಳದೇ ಸ್ವಂತ ತಪ್ಪು. ಕೊನೆಗೆ ಅವರು ಕುರ್ಚಿಗೆ ಒರಗಿ, ಒಳಗಿದ್ದ ನಿಜವಾದ ಅಳುಕನ್ನು ಹೇಳಿಯೇಬಿಟ್ಟರು. "ಹುಡುಗಿ ಜಾಣೆ, ಒಪ್ಪಿದೆ. ಆದರೆ ತರಗತಿಲಿ ನಲವತ್ತು ಮಕ್ಕಳಿದ್ದಾರಲ್ಲಮ್ಮಾ. ಪ್ರತಿ ಉತ್ತರಕ್ಕೂ ಎಷ್ಟು ಹೊತ್ತು ಅಂತ ಕಾಯೋದು?"

ಪ್ರಶ್ನೆ ತಾಯಿಯನ್ನು ಕೇಳಿದ್ದು. ಟೈಲರಮ್ಮನ ಬಳಿ ಒಂದು ಗಂಟೆಗಾಗುವಷ್ಟು ಭಾಷಣ ಸಿದ್ಧವಿತ್ತು. ಅವಳು ಮಗಳ ಕಡೆ ತಿರುಗಿದಳು, ಅಷ್ಟೇ.

"ಈಗ... ಕಾದ್ರಲ್ಲಾ... ಸರ್," ಎಂದಳು ಗುಂಡಿ. "ಅಷ್ಟೇ ಹೊತ್ತು."

ಹೆಡ್‌ಮಾಸ್ಟರು ಗಡಿಯಾರ ನೋಡಿದರು. ಅವರು ಅದನ್ನು ನೋಡಿ ಬಹಳ ಹೊತ್ತಾಗಿತ್ತು. ಹಳೆಯ ಕಾಗದದ ಮೇಲೆ ಗೀಟು ಎಳೆದು 'ಆರನೇ ತರಗತಿ, ಎಲ್ಲರ ಜೊತೆ' ಎಂದು ಬರೆದರು. ವಿಶೇಷ ಶಿಕ್ಷಕಿ ಅದರ ಕೆಳಗೆ 'ಉತ್ತರಕ್ಕೆ ಕಾಯುವುದು' ಎಂದು ಸೇರಿಸಿ ಸಹಿ ಮಾಡಿದಳು.

ಅಂಗಡಿಯ ಬಾಗಿಲಲ್ಲಿ ಅತ್ತೆ ಕಾಯುತ್ತ ನಿಂತಿದ್ದಳು. ಪಕ್ಕದ ಚಪ್ಪಲಿ ಅಂಗಡಿಯವನು, ಜಿಪ್ಪು ಹಾಕಿಸಲು ಬಂದವನು, ಇನ್ನೂ ಯಾರ್ಯಾರೋ. "ಏನಾಯ್ತೇ? ಬೇಗ ಹೇಳೇ!" ಎಂದು ಅತ್ತೆ ಸೊಸೆಯ ರಟ್ಟೆ ಹಿಡಿದು ಅಲುಗಿಸಿದಳು.

ಟೈಲರಮ್ಮನ ಕಣ್ಣು ತುಂಬಿತ್ತು. ಇಡೀ ಬೀದಿಗೆ ಸಾರಿ ಹೇಳಬೇಕೆಂದು ಜೀವ ಚಡಪಡಿಸುತ್ತಿತ್ತು. ಅವಳು ಸ್ಟೂಲು ಎಳೆದು ಬಾಗಿಲ ನಡುವೆ ಇಟ್ಟು, ಮಗಳನ್ನು ಕೂರಿಸಿದಳು.

"ನನ್ನನ್ನ ಯಾಕೆ ಕೇಳ್ತೀರಿ? ಪರೀಕ್ಷೆ ಪಾಸಾದವಳು ಅವಳು. ಅವಳೇ ಹೇಳ್ತಾಳೆ, ನಿಂತು ಕೇಳಿ."

ಗುಂಡಿ ಮೊದಲಿನಿಂದ ಶುರುಮಾಡಿದಳು. ಚಪ್ಪಲಿ ಅಂಗಡಿಯವನು ನಡುವೆ ಏನೋ ಹೇಳಲು ಹೊರಟಾಗ ಅತ್ತೆಯೇ ಅವನ ಬೆನ್ನಿಗೊಂದು ಗುದ್ದಿದಳು. ಪೂರ್ತಿ ಹೇಳಿ ಮುಗಿಯಲು ಇಪ್ಪತ್ತು ನಿಮಿಷ ಹಿಡಿಯಿತು. ಒಬ್ಬರೂ ಅಲ್ಲಿಂದ ಕದಲಲಿಲ್ಲ.